ಮಗು ದಡ್ಡ ಅಲ್ಲ, ಅದು ಓದುವುದನ್ನು ಕೇಳುವ ಕಿವಿ ಶಾಲೆಯಲ್ಲಿಲ್ಲ

ಗೆಳೆಯರೇ, ಸುತ್ತಿ ಬಳಸದೆ ನೇರ ವಿಷಯಕ್ಕೆ ಬರ್ತೇವೆ. ನಿಮ್ಮ ಊರಿನ ಕನ್ನಡ ಶಾಲೆಯ ಮೂರನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿಗೆ ಒಂದು ಪುಟ ತಡವರಿಸದೆ ಓದಲಿಕ್ಕೆ ಬರ್ತದೆ?

ಎಷ್ಟು ಪೋಸ್ಟ್ ಖಾಲಿ ಉಂಟು ಅಂತ ಕೇಳಿದರೆ ಥಟ್ಟನೆ ಹೇಳುವವರಿದ್ದಾರೆ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ತಪ್ಪಾಗಿದ್ದರೆ ಫೋಟೋ ತೆಗೆದು ಹಾಕುವವರು ನೂರು ಮಂದಿ. ಅದು ಬೇಕು, ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಆ ಬೋರ್ಡನ್ನು ಓದಬೇಕಾದ ಎಂಟು ವರ್ಷದ ಮಗು ಅಕ್ಷರ ಕೂಡಿಸಲಾಗದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರೆ ಅದರ ಫೋಟೋ ಯಾರೂ ಹಾಕುವುದಿಲ್ಲ. ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ, ಕೇಳಿಸಿಕೊಳ್ಳಬೇಕು.

ನಾವು ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಂಬಳ ತೆಗೆದುಕೊಳ್ಳುವವರು. ಬಿ.ಕಾಂ. ಓದಿದವರು. ಶಿಕ್ಷಣ ತಜ್ಞರ ವೇಷ ನಮಗೆ ಬೇಡ. ನಮಗೆ ಗೊತ್ತಿರುವುದು ಲೆಕ್ಕ, ಹಾಗಾಗಿ ಲೆಕ್ಕದಲ್ಲೇ ಹೇಳ್ತೇವೆ.

ಬ್ಯಾಂಕಿನಲ್ಲಿ ಸಾಲದ ಕಂತು ತಪ್ಪಿದರೆ ಎಂತ ಆಗ್ತದೆ? ಮೊದಲ 30 ದಿನದೊಳಗೇ ಆ ಖಾತೆಗೆ ಎಸ್‌ಎಂಎ-0 ಅಂತ ಗುರುತು ಬೀಳ್ತದೆ. 30 ದಾಟಿದರೆ ಎಸ್‌ಎಂಎ-1, 60 ದಾಟಿದರೆ ಎಸ್‌ಎಂಎ-2. 90 ದಿನ ದಾಟಿತೋ, ಎನ್‌ಪಿಎ. ಅಷ್ಟರೊಳಗೆ ಫೋನು, ನೋಟೀಸು, ಮನೆಗೆ ಭೇಟಿ, ಎಲ್ಲ ಆಗಿರ್ತದೆ. ಒಂದು ಕಂತಿಗೆ ಇಷ್ಟು ಕಾವಲು. ನಮ್ಮ ಶಾಲೆಯಲ್ಲಿ ಒಂದು ಮಗು ಒಂದನೇ ಕ್ಲಾಸಿನಲ್ಲಿ ಕಾಗುಣಿತದಲ್ಲಿ ಸಿಕ್ಕಿಹಾಕಿಕೊಂಡರೆ ಗುರುತು ಹಾಕುವವರು ಯಾರು? ಎರಡನೇ ಕ್ಲಾಸು ದಾಟ್ತದೆ, ಮೂರನೆಯದೂ ದಾಟ್ತದೆ. ಐದನೇ ಕ್ಲಾಸಿಗೆ ಯುಪಿ ಶಾಲೆಗೆ ಹೋದಾಗ ಅಲ್ಲಿಯ ಟೀಚರು “ಇದಕ್ಕೆ ಅಕ್ಷರವೇ ಬರುದಿಲ್ಲ” ಅಂತಾರೆ. ನಾಲ್ಕು ವರ್ಷದ ಬಾಕಿ ಒಂದೇ ದಿನ ಲೆಡ್ಜರಿಗೆ ಬಂದ ಹಾಗೆ!

ಇದು ಗಡಿನಾಡಿನ ರೋಗ ಮಾತ್ರ ಅಲ್ಲ ಅಂತ ನಮಗೂ ಗೊತ್ತು. 2024ರ ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದ ಸರಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಮಟ್ಟದ ಪಾಠ ಓದಬಲ್ಲವರು ಶೇ. 23.4 ಮಾತ್ರ. ಅಂದರೆ ನಾಲ್ಕರಲ್ಲಿ ಮೂವರಿಗೆ ಬರುವುದಿಲ್ಲ. ಆದರೆ ಉಳಿದ ಕಡೆಗೂ ನಮಗೂ ಒಂದು ವ್ಯತ್ಯಾಸ ಉಂಟು. ಮಂಡ್ಯದಲ್ಲೋ ಹಾವೇರಿಯಲ್ಲೋ ಓದಲು ಬಾರದ ಮಗು ಬಡ ಓದುಗನಾಗಿ ಉಳಿದರೂ ಕನ್ನಡದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಓದಲು ಬಾರದ ಮಗು ಕನ್ನಡದಿಂದಲೇ ಹೊರಗೆ ಹೋಗ್ತದೆ. ಅಪ್ಪ ಅಮ್ಮ “ಈ ಶಾಲೆಯಲ್ಲಿ ಎಂತದೂ ಕಲಿಸುವುದಿಲ್ಲ” ಅಂತ ಟಿ.ಸಿ. ತೆಗೆದು ಪಕ್ಕದ ಇಂಗ್ಲಿಷ್ ಮೀಡಿಯಮ್ಮಿಗೋ ರಾಜ್ಯಭಾಷೆಯ ಶಾಲೆಗೋ ಹಾಕ್ತಾರೆ. ಮುಂದಿನ ಜೂನಿನಲ್ಲಿ ಆರನೇ ದಿನದ ತಲೆ ಎಣಿಕೆಯಲ್ಲಿ ಮಕ್ಕಳು ಕಡಿಮೆ. ಡಿವಿಷನ್ ಹೋಯಿತು, ಡಿವಿಷನ್ ಜೊತೆ ಪೋಸ್ಟ್ ಹೋಯಿತು. ಆಮೇಲೆ ಕಲೆಕ್ಟರೇಟಿನ ಮುಂದೆ ನಮ್ಮ ಧರಣಿ. ಶಾಲೆ ಮುಚ್ಚುವ ಆದೇಶಕ್ಕೆ ಸಹಿ ಬಿದ್ದದ್ದು ಆ ದಿನ ಅಲ್ಲ ಗೆಳೆಯರೇ. ಒಂದು ಮಗು ಪುಸ್ತಕ ಹಿಡಿದು ನಿಂತು ಬೆವರಿದಾಗ, ಟೀಚರು “ಕೂತ್ಕೋ, ಮುಂದಿನವರು ಓದಿ” ಅಂದರಲ್ಲ, ಆ ದಿನ ಬಿದ್ದದ್ದು.

ಈಗ ಆ ಮಗುವಿನ ಮೇಲೆ ಹೊರಿಸುವ ಆರೋಪಗಳನ್ನು ನೋಡುವಾ.

ಮೊದಲನೆಯದು, “ಅವ ದಡ್ಡ.” ಕನ್ನಡ ಓದು ಅಂದರೆ ಎಷ್ಟು ದೊಡ್ಡ ಕೆಲಸ ಅಂತ ಬಲ್ಲವರು ಈ ಮಾತು ಆಡುವುದಿಲ್ಲ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅಲ್ಲಿಗೆ ಮುಗಿಯಿತಾ? ಇಲ್ಲ. 34 ವ್ಯಂಜನಕ್ಕೂ ಕಾಗುಣಿತ ಹಾಕಿದರೆ ನಾನೂರಕ್ಕಿಂತ ಹೆಚ್ಚು ರೂಪಗಳು. ಅದರ ಮೇಲೆ ಒತ್ತಕ್ಷರ. “ಕತೆ” ಒಂದು, “ಕತ್ತೆ” ಇನ್ನೊಂದು, ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗುರುತು. ಅರ್ಕಾವತ್ತು ಇನ್ನೂ ತಮಾಷೆ. “ಸೂರ್ಯ” ಬರೆದಾಗ ರ್ ಗುರುತು ಕಣ್ಣಿಗೆ ಸಿಗುವುದು ಯ ಆದ ಮೇಲೆ, ಬಾಯಲ್ಲಿ ಬರಬೇಕಾದದ್ದು ಯ ಮೊದಲು. ಕಣ್ಣು ಒಂದು ದಾರಿ, ನಾಲಿಗೆ ಇನ್ನೊಂದು ದಾರಿ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ. ಹಾಗಿರುವಾಗ ಎರಡನೇ ಕ್ಲಾಸಿನ ಮಗುವಿಗೆ ದಡ್ಡನ ಪಟ್ಟ ಕಟ್ಟಲು ಯಾರಿಗೆ ಅಧಿಕಾರ ಉಂಟು? ಕಾನೂನಂತೂ ಕೊಟ್ಟಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಎರಡನೆಯದು, “ಮನೆಯಲ್ಲಿ ಕನ್ನಡ ಇಲ್ಲ.” ಹೌದು, ಇಲ್ಲ. ಮಂಜೇಶ್ವರ, ಕಾಸರಗೋಡಿನಲ್ಲಿ ಮನೆಯೊಳಗೆ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ ಎಲ್ಲ ಉಂಟು. ನೀಲಗಿರಿಯಲ್ಲಿ ಬಡಗ. ಜತ್ತ, ಅಕ್ಕಲಕೋಟೆಯಲ್ಲಿ ಬೀದಿಗಿಳಿದರೆ ಮರಾಠಿ, ಮಡಕಶಿರಾದಲ್ಲಿ ತೆಲುಗು. ಇದು ಮಗುವಿನ ತಪ್ಪಾ? ತುಳುವಿನಲ್ಲಿ “ಇಲ್ಲ್” ಅಂದರೆ ಮನೆ. ಕನ್ನಡ ಪುಸ್ತಕದಲ್ಲಿ “ಇಲ್ಲ” ಅಂತ ಕಂಡಾಗ ಮನೆಯ ಚಿತ್ರ ಹುಡುಕುವ ಮಗು ದಡ್ಡ ಅಲ್ಲ, ಅದು ಅರ್ಥ ಹುಡುಕುತ್ತಾ ಉಂಟು! ಓದಿನ ಮುಕ್ಕಾಲು ಪಾಲು ಆ ಹುಡುಕಾಟವೇ. ಬಲ್ಲ ಟೀಚರು ನಗುತ್ತಾ ಎರಡೂ ಪದವನ್ನು ಬೋರ್ಡಿನಲ್ಲಿ ಬರೆದು ತೋರಿಸ್ತಾರೆ. ಬಾರದವರು ತಪ್ಪು ಅಂತ ಗೀಟು ಎಳೀತಾರೆ.

ಮೂರನೆಯದು, “ಮುಂದಿನ ಕ್ಲಾಸಿಗೆ ತಾನಾಗಿ ಸರಿಹೋಗ್ತದೆ.” ಸಾಲ ತಾನಾಗಿ ತೀರಿದ್ದನ್ನು ನಾವು ಇದುವರೆಗೆ ಕಂಡಿಲ್ಲ. ಬಡ್ಡಿ ಬೆಳೆಯುವುದನ್ನು ದಿನಾ ಕಾಣ್ತೇವೆ.

ಹಾಗಾದರೆ ಒಳ್ಳೆಯ ಟೀಚರು ಮಾಡುವುದೆಂತ? ನಮ್ಮ ಗಡಿಭಾಗದ ಒಂದು ಎಲ್.ಪಿ. ಶಾಲೆಯ ಟೀಚರ್ ಅವರ ಕೆಲಸ ನಾವು ಹತ್ತಿರದಿಂದ ನೋಡಿದ್ದೇವೆ. ಹೆಸರು, ಊರು ಬೇಡ. ಅವರ ಕ್ಲಾಸಿನಲ್ಲಿ ಒಬ್ಬ ಹುಡುಗ, ತಾಯಿ ಬೀಡಿ ಕಟ್ಟುವವರು, ಮನೆಮಾತು ತುಳು. ಪಾಠ ಓದು ಅಂದರೆ ಗಡಗಡ ಅಂತ ಹೇಳ್ತಿದ್ದ. ಹಿಂದಿನ ವರ್ಷದ ಟೀಚರಿಗೂ ಅನುಮಾನ ಬಂದಿರಲಿಲ್ಲ. ಇವರು ಒಂದು ದಿನ ಚಿತ್ರದ ಮೇಲೆ ಕೈ ಅಡ್ಡ ಇಟ್ಟು, ಪಾಠದ ನಡುವಿನ ಒಂದು ಸಾಲು ಬೆರಳು ಮಾಡಿ ತೋರಿಸಿದರು. ಹುಡುಗ ಸ್ತಬ್ಧ. ಅವನು ಇಷ್ಟು ದಿನ ಓದುತ್ತಿರಲಿಲ್ಲ, ಬೇರೆ ಮಕ್ಕಳ ಬಾಯಿಂದ ಕೇಳಿದ್ದನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಆ ಜಾಣತನ ನೋಡಿ!

ಆ ಟೀಚರು ಬೈಯಲಿಲ್ಲ, ತಾಯಿಯನ್ನು ಕರೆಸಿ ದೂರು ಹೇಳಲಿಲ್ಲ. ಒಂದು ಸಣ್ಣ ಪುಸ್ತಕ ಮಾಡಿದರು, ನಮ್ಮ ಪಾಸ್‌ಬುಕ್ಕಿನ ಹಾಗೆ. ತಾರೀಕು, ಓದಿದ ಸಾಲು, ಎಡವಿದ ಅಕ್ಷರ. ಎರಡು ವಾರದಲ್ಲಿ ಗೊತ್ತಾಯಿತು, ಹುಡುಗನಿಗೆ ಮೂಲಾಕ್ಷರ ಬರ್ತದೆ, ದೀರ್ಘದಲ್ಲೂ ಒತ್ತಕ್ಷರದಲ್ಲೂ ಸಿಕ್ಕಿಬೀಳ್ತಾನೆ. ಪ, ಷ ಎರಡೂ ಅವನಿಗೆ ಒಂದೇ. ರೋಗ ಗೊತ್ತಾದರೆ ಅರ್ಧ ಮದ್ದು ಆದ ಹಾಗೆ. ಆಮೇಲೆ ಅವನಿಗೆ ಪ್ರಿಯವಾದದ್ದು ಎಂತ ಅಂತ ಕೇಳಿದರು. ತೋಡಿನಲ್ಲಿ ಏಡಿ ಹಿಡಿಯುವುದಂತೆ. ಅವನು ಹೇಳಿದ ಹಾಗೇ ದೊಡ್ಡ ಅಕ್ಷರದಲ್ಲಿ ಬರೆದರು, “ಡೆಂಜಿ ಕಲ್ಲಿನ ಅಡಿಗೆ ಓಡಿತು.” ಡೆಂಜಿ ತುಳು, ಉಳಿದದ್ದು ಕನ್ನಡ. ಅವನದೇ ಮಾತು, ಅವನದೇ ಏಡಿ. ಅದನ್ನು ಅವನು ಓದಿದ, ಬಾಯಿಪಾಠ ಅಲ್ಲ, ಓದಿದ. ಮರುದಿನ ಇನ್ನೊಂದು ಸಾಲು. ವಾರ ಕಳೆದ ಮೇಲೆ ಡೆಂಜಿ ಹೋಗಿ ಏಡಿ ಬಂತು. ಕಲ್ಲಿನ ಜೊತೆ ಹಳ್ಳಿ, ಬೆಕ್ಕು, ಅಪ್ಪ ಬಂದವು. ಉಳಿದ ಮಕ್ಕಳ ಎದುರು ಓದಿಸುವ ಅವಸರ ಅವರು ಮಾಡಲಿಲ್ಲ. ತಾನೇ ಕೈ ಎತ್ತುವವರೆಗೆ ಕಾದರು.

ಇದರಲ್ಲಿ ಲಕ್ಷ ರೂಪಾಯಿಯ ಸ್ಮಾರ್ಟ್ ಕ್ಲಾಸ್ ಎಲ್ಲುಂಟು? ದಿನಕ್ಕೆ ಹತ್ತು ನಿಮಿಷ. ಒಂದರಿಂದ ಐದನೇ ಕ್ಲಾಸಿಗೆ ಕಾಯ್ದೆ ಹೇಳುವುದು ವರ್ಷಕ್ಕೆ 200 ಕೆಲಸದ ದಿನ. ಹತ್ತು ನಿಮಿಷದ ಹಾಗೆ 2,000 ನಿಮಿಷ, ಅಂದರೆ 33 ಗಂಟೆಗೂ ಹೆಚ್ಚು. ಆರ್.ಡಿ. ಖಾತೆಯ ಹಾಗೆ, ದಿನ ದಿನದ್ದು ಲೆಕ್ಕಕ್ಕೇ ಬರುವುದಿಲ್ಲ, ಅವಧಿ ಮುಗಿದಾಗ ಕೈಯಲ್ಲಿ ಗಂಟು. ಇದು ಟೀಚರು ಮಾಡುವ ಉಪಕಾರ ಅಂತಲೂ ತಿಳಿಯಬೇಡಿ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಓದಿ ನೋಡಿ: ಪ್ರತಿ ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು, ಬೇಕಾದರೆ ಹೆಚ್ಚುವರಿ ಪಾಠ ಕೊಡುವುದು ಶಿಕ್ಷಕರ ಕರ್ತವ್ಯ. ಪ್ರೀತಿ ಮಾಡಿ ಅಂತ ಕಾನೂನು ಬರೆಯಲಿಕ್ಕಾಗುವುದಿಲ್ಲ, ಗಮನ ಕೊಡಿ ಅಂತ ಬರೆದಿದ್ದಾರೆ.

ಈಗ ಮುಖ್ಯ ಜಗಳಕ್ಕೆ ಬರುವಾ.

ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕ್ತಾರೆ ಅಂತ ಕಾಸರಗೋಡಿನಲ್ಲಿ ಎಷ್ಟು ವರ್ಷದಿಂದ ಕೂಗ್ತಾ ಇದ್ದೇವೆ. 2018ರಲ್ಲಿ ‘ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಸಿನಿಮಾ ಬಂದು ರಾಷ್ಟ್ರ ಪ್ರಶಸ್ತಿಯೂ ಬಂತು, ಊರಿಡೀ ಚಪ್ಪಾಳೆ ಹೊಡೆಯಿತು. ಆಚೆಯಿಂದ ಬರುವ ಉತ್ತರ ಮಾತ್ರ ಒಂದೇ: “ಅವರು ಒಳ್ಳೆಯ ಟೀಚರು, ಮಕ್ಕಳನ್ನು ಪ್ರೀತಿ ಮಾಡ್ತಾರೆ, ಕನ್ನಡ ನಿಧಾನಕ್ಕೆ ಕಲೀತಾರೆ.” ಪ್ರೀತಿ ಮಾಡಲಿ, ಸಂತೋಷ. ಆದರೆ ಮೇಲೆ ಹೇಳಿದ ಆ ಹತ್ತು ನಿಮಿಷವನ್ನು ಅವರು ಎಂತ ಮಾಡ್ತಾರೆ? ಮಗು “ಕತೆ”ಯನ್ನು “ಕತ್ತೆ” ಅಂತ ಓದಿದರೆ ಅವರ ಕಿವಿಗೆ ಗೊತ್ತಾಗ್ತದಾ? “ಭಾರತ”ವನ್ನು “ಬಾರತ” ಅಂದದ್ದು ಮನೆಮಾತಿನ ರೂಢಿಯಾ, ಅಕ್ಷರ ಗೊತ್ತಿಲ್ಲದ್ದಾ ಅಂತ ಹೇಗೆ ತೀರ್ಮಾನ ಮಾಡ್ತಾರೆ? ಕೈ ನಡುಗುವ ವೈದ್ಯರು ಎಷ್ಟು ಕರುಣೆಯವರಾದರೂ ಆಪರೇಷನ್ ಮಾಡಲಿಕ್ಕೆ ಬಿಡ್ತೀರಾ? ಓದಿನ ಕ್ಲಾಸಿನಲ್ಲಿ ಅಕ್ಕರೆ ಅಂದರೆ ಕಿವಿ. ಭಾಷೆ ಬಾರದ ಕಿವಿಗೆ ಮಗುವಿನ ತಪ್ಪೂ ಕೇಳುವುದಿಲ್ಲ, ಗೆಲುವೂ ಕೇಳುವುದಿಲ್ಲ. ಅಂಥಾ ನೇಮಕಾತಿಯಲ್ಲಿ ಆ ಟೀಚರಿಗೂ ಅನ್ಯಾಯವೇ. ಆದರೆ ಅವರಿಗೆ ವರ್ಗಾವಣೆ ಉಂಟು, ಮಗುವಿಗೆ ಮೂರನೇ ಕ್ಲಾಸು ಬರುವುದು ಒಂದೇ ಸಲ.

ಸಂವಿಧಾನದ 350ಎ ವಿಧಿ 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು, ಗಡಿ ಎಳೆದ ವರ್ಷವೇ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಕೊಡಬೇಕು ಅಂತ ಅದು ಹೇಳ್ತದೆ. ಸೌಲಭ್ಯ ಅಂದರೆ ಹಂಚು ಹಾಕಿದ ಕಟ್ಟಡವಾ? ರಿಜಿಸ್ಟರಿನಲ್ಲಿ ತುಂಬಿದ ಒಂದು ಹೆಸರಾ? ಮಗು ಓದಿದ್ದನ್ನು ಕೇಳಿಸಿಕೊಳ್ಳಬಲ್ಲ ಒಬ್ಬ ಮನುಷ್ಯ ಅಲ್ಲಿ ಇಲ್ಲದಿದ್ದರೆ ಸೌಲಭ್ಯ ಶೂನ್ಯ.

ಇನ್ನು ನಮ್ಮವರ ಕಡೆಗೂ ತಿರುಗಬೇಕು. ಕನ್ನಡ ಚೆನ್ನಾಗಿ ಬರುವ ಎಲ್ಲ ಟೀಚರೂ ಒಳ್ಳೆಯ ಟೀಚರು ಅಂತ ನಮ್ಮ ಕೆಲವು ಮುಖಂಡರು ತಿಳಿದಿದ್ದಾರೆ. ವೇದಿಕೆ ಮೇಲೆ ಕನ್ನಡದ ಬಗ್ಗೆ ಗಂಟೆಗಟ್ಟಲೆ ಭಾಷಣ, ಕ್ಲಾಸಿನಲ್ಲಿ ಮುಂದಿನ ಬೆಂಚಿನ ನಾಲ್ಕು ಮಕ್ಕಳಿಗೆ ಮಾತ್ರ ಪಾಠ, ಹಿಂದಿನ ಬೆಂಚಿಗೆ ಬೈಗುಳ. ಇಂಥವರನ್ನು ನಮ್ಮವರು ಅಂತ ಸಹಿಸಿಕೊಳ್ಳಬೇಕಾ? ಕನ್ನಡ ಬಾರದವರು ಮಗುವನ್ನು ತಿಳಿಯದೆ ಬಿಡ್ತಾರೆ, ಇವರು ತಿಳಿದೂ ಬಿಡ್ತಾರೆ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹೇಳದೆ ನಮ್ಮ ಸಭೆ ಶುರುವಾಗುವುದಿಲ್ಲ. ಅವರು ಕವಿ, ಹೋರಾಟಗಾರ, ಎಲ್ಲ ಹೌದು. ಆದರೆ ಬಾಳಿದ್ದು ಮೇಷ್ಟ್ರಾಗಿ, ಮಕ್ಕಳಿಗಾಗಿಯೇ ಪದ್ಯ ಬರೆದವರು. ಹೋರಾಟಕ್ಕೂ ಕ್ಲಾಸಿಗೂ ನಡುವೆ ಅವರು ಗೋಡೆ ಕಟ್ಟಲಿಲ್ಲ.

ಇನ್ನೊಂದು ತಕರಾರು ಬರ್ತದೆ: “ರಾಜ್ಯಭಾಷೆಯ ಹೇರಿಕೆಯಿಂದ ಮಕ್ಕಳಿಗೆ ಓದು ಬರುದಿಲ್ಲ.” ತಮಿಳುನಾಡಿನಲ್ಲಿ 2006ರ ಕಾಯ್ದೆ, ಕೇರಳದಲ್ಲಿ 2017ರದ್ದು, ತೆಲಂಗಾಣದಲ್ಲಿ 2018, ಮಹಾರಾಷ್ಟ್ರದಲ್ಲಿ 2020. ಆರು ವರ್ಷದ ಮಗುವಿನ ಮುಂದೆ ಒಟ್ಟೊಟ್ಟಿಗೆ ಮೂರು ಲಿಪಿ ಸುರಿಯುವುದು ತಪ್ಪು, ಅದನ್ನು ವಿರೋಧಿಸಿದ್ದೇವೆ, ವಿರೋಧಿಸ್ತೇವೆ. ಆದರೆ ಮಲಯಾಳ, ತಮಿಳು, ಮರಾಠಿ, ತೆಲುಗು ಕಲಿಯುವುದು ಶತ್ರುವಿನ ಕೆಲಸ ಅಂತ ಮಕ್ಕಳಿಗೆ ಹೇಳಬೇಡಿ. ಅ ಆ ಇ ಈ, ಕ ಚ ಟ ತ ಪ ಎಂಬ ಅದೇ ಜೋಡಣೆಯ ಲಿಪಿಗಳು ಅವು. ಒಂದರಲ್ಲಿ ಗಟ್ಟಿಯಾದ ಮಗುವಿಗೆ ಇನ್ನೊಂದು ಬೇಗ ಹತ್ತುತ್ತದೆ. ಹಾಗಾಗಿ ಮೊದಲು ಒಂದು ಗಟ್ಟಿಯಾಗಲಿ, ಅದು ಮಗು ಆರಿಸಿಕೊಂಡ ಮಾಧ್ಯಮ ಕನ್ನಡವೇ ಆಗಲಿ. ನಾವು ಕೇಳುವ ಕ್ರಮ ಇಷ್ಟೇ.

ಮತ್ತೊಂದು ಎಚ್ಚರಿಕೆ. ಎಷ್ಟು ಅಕ್ಕರೆಯಿಂದ ಕಲಿಸಿದರೂ ಕೆಲವು ಮಕ್ಕಳಿಗೆ ಅಕ್ಷರ ನಿಲ್ಲುವುದಿಲ್ಲ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಅದು ಸೇರಿದೆ, ಬೇಗ ಗುರುತಿಸುವುದು ಶಾಲೆಯ ಹೊಣೆ. ಆದರೆ ಪರೀಕ್ಷೆ ಮಗು ಓದು ಕಲಿಯುತ್ತಿರುವ ಭಾಷೆಯಲ್ಲೇ ಆಗಬೇಕು. ಗೊತ್ತಿಲ್ಲದ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಸರಿಯಿರುವ ಮಗುವಿಗೂ ನ್ಯೂನತೆಯ ಚೀಟಿ ಅಂಟೀತು. ಅಲ್ಲಿಯೂ ಬೇಕಾದದ್ದು ಕನ್ನಡ ಬಲ್ಲ ಕಿವಿಯೇ.

ಸರಿ, ಯುವಕ ಯುವತಿಯರೇ, ನೀವು ಮಾಡಬೇಕಾದದ್ದು ಎಂತ?

ಒಂದು, ಶಾಲೆಗೆ ಹೋಗಿ. ಪೋಷಕರ ಸಭೆಗೆ ಅಕ್ಕ, ಅತ್ತಿಗೆಯ ಜೊತೆ ಹೋಗಿ ಕೂತು ಕೇಳಿ: ನಮ್ಮ ಮಗು ಈಗ ಅಕ್ಷರದಲ್ಲಿ ಉಂಟಾ, ಪದದಲ್ಲಿ ಉಂಟಾ, ಸಾಲಿನಲ್ಲಿ ಉಂಟಾ, ಕತೆಯಲ್ಲಿ ಉಂಟಾ? ಅಸರ್ ಸಮೀಕ್ಷೆಯವರು ಅಳೆಯುವುದೂ ಈ ಮೆಟ್ಟಿಲುಗಳಲ್ಲೇ. ಐದು ನಿಮಿಷದ ಕೆಲಸ. “ಚೆನ್ನಾಗಿ ಓದ್ತಾನೆ” ಎಂಬ ಉತ್ತರ ಒಪ್ಪಬೇಡಿ.

ಎರಡು, ಒಳ್ಳೆಯ ಟೀಚರಿಗೆ ಬೆನ್ನು ಕೊಡಿ. ಅವರಿಗೆ ಹಾರ ಶಾಲು ಬೇಡ, ಸಮಯ ಬೇಕು. ಓದಿನ ಪೀರಿಯಡ್ಡಿನಲ್ಲಿ ಅವರನ್ನು ಬೇರೆ ಕೆಲಸಕ್ಕೆ ಎಳೆದರೆ ಪ್ರಶ್ನೆ ಮಾಡಿ. ವಾರಕ್ಕೆ ಒಂದು ಸಂಜೆ ಶಾಲೆಯಲ್ಲೋ ವಾಚನಾಲಯದಲ್ಲೋ ಕೂತು ಎರಡು ಮಕ್ಕಳ ಓದು ಕೇಳಿ. ಯಾವ ಮಗು, ಯಾವ ಪುಸ್ತಕ ಅಂತ ಟೀಚರೇ ಹೇಳಲಿ, ನೀವು ಹೊಸ ಮೇಷ್ಟ್ರಾಗಲು ಹೊರಡಬೇಡಿ.

ಮೂರು, ನಿಮ್ಮಲ್ಲಿ ಕೆಲವರಾದರೂ ಟೀಚರಾಗಿ. ಎಲ್ಲರೂ ಮಂಗಳೂರು, ಬೆಂಗಳೂರು, ಪುಣೆ ಅಂತ ಬಸ್ಸು ಹತ್ತಿದರೆ ಕನ್ನಡ ಪೋಸ್ಟಿಗೆ ಅರ್ಜಿ ಹಾಕುವವರು ಯಾರು? ಡಿ.ಎಲ್.ಎಡ್. ಮಾಡಿ, ಅರ್ಹತಾ ಪರೀಕ್ಷೆ ಬರೆಯಿರಿ. “ಅರ್ಹ ಅಭ್ಯರ್ಥಿ ಸಿಗಲಿಲ್ಲ” ಅಂತ ಹೇಳುವ ಅವಕಾಶವನ್ನೇ ಇಲಾಖೆಗೆ ಕೊಡಬೇಡಿ.

ನಾಲ್ಕು, ಮನವಿ ಬರೆಯುವಾಗ ಬೇಡಿಕೆ ತಿದ್ದಿ ಬರೆಯಿರಿ. “ಪೋಸ್ಟ್ ತುಂಬಿ” ಅಂತ ಬರೆದರೆ ತುಂಬಿ ಕೈ ತೊಳೀತಾರೆ. “ಕನ್ನಡ ಮಾಧ್ಯಮದ ಎಲ್.ಪಿ. ಕ್ಲಾಸಿಗೆ ಬರುವ ಪ್ರತಿಯೊಬ್ಬ ಶಿಕ್ಷಕರಿಗೂ ನೇಮಕಾತಿಗೆ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದುವ, ಮಾತಾಡುವ, ಮಗುವಿನ ಓದಿನ ತಪ್ಪು ಗುರುತಿಸುವ ಪರೀಕ್ಷೆ ಆಗಬೇಕು. ಪ್ರತಿ ಮಗುವಿನ ಓದಿನ ದಾಖಲೆ ವರ್ಷಕ್ಕೆ ಮೂರು ಸಲ ಪೋಷಕರ ಕೈಗೆ ಬರಬೇಕು.” ಇಷ್ಟು ಬರೆಯಿರಿ. ತಾಳವಾಡಿಯಿಂದ ಅಕ್ಕಲಕೋಟೆಯವರೆಗೆ, ಹೊಸೂರಿನಿಂದ ರಾಯದುರ್ಗದವರೆಗೆ ಇದೇ ಎರಡು ವಾಕ್ಯ ಎಲ್ಲ ಮನವಿಯಲ್ಲೂ ಬರಲಿ.

ಶಾಲೆ ಉಳಿಸಿ ಅಂತ ನಾವೂ ಕೂಗ್ತೇವೆ, ಕೂಗುವಾ. ಆದರೆ ಶಾಲೆ ಉಳಿಯುವುದು ಒಂದೊಂದೇ ಮಗುವಿನಿಂದ, ಹತ್ತು ಹತ್ತು ನಿಮಿಷದಿಂದ. ಬರುವ ಸೋಮವಾರ ನಿಮ್ಮ ಊರಿನ ಕನ್ನಡ ಶಾಲೆಯ ಗೇಟು ತೆರೆದೇ ಇರ್ತದೆ. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ ಬನ್ನಿ.